ಆಸ್ಪತ್ರೆಯ ಆಡಳಿತ ಮತ್ತು ವಿಶ್ವವಿದ್ಯಾನಿಲಯ: ಒಂದು ಪದವಿಯ ಪೂರ್ವೇತಿಹಾಸ

ಆಸ್ಪತ್ರೆಗಳ ಆಡಳಿತವನ್ನು ಕಲಿಸಿ ಅದಕ್ಕಾಗಿ ಸ್ನಾತಕೋತ್ತರ ಪದವಿಯನ್ನು ಕೊಡುವ ಪದ್ಧತಿಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, 1934ರಲ್ಲಿ, ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನೆಲೆಗೊಂಡಿತೆಂದು ಈ ವಿಷಯವನ್ನು ಕುರಿತ ಗ್ರಂಥಗಳು ಸಾಮಾನ್ಯವಾಗಿ ಹೇಳುತ್ತವೆ. ಹೇಳಿಕೆ ಸುಳ್ಳಲ್ಲ. ಆದರೆ ಅದಕ್ಕೆ 35 ವರ್ಷ ಮೊದಲೇ ನ್ಯೂಯಾರ್ಕ್ ನಗರದ ಕಾಲೇಜೊಂದರಲ್ಲಿ ಆಸ್ಪತ್ರೆಯ ನಿರ್ವಹಣೆಯನ್ನು ಕುರಿತ ಪಾಠಗಳು ನಡೆಯುತ್ತಿದ್ದವು; ಅವನ್ನು ಏರ್ಪಡಿಸಿದವರೂ ಕೇಳಿದವರೂ ದಾದಿಯರಾಗಿದ್ದರು. ಆ ಪಾಠಗಳನ್ನು ಈ ಪದವಿಯ ಚರಿತ್ರೆಯೊಳಗೆ ಸೇರಿಸಬೇಕೆ, ಸೇರಿಸಿದ ಪಕ್ಷದಲ್ಲಿ 1934ರ ಘಟನೆಯ ಅರ್ಥವು ಹೇಗೆ ಬದಲಾಗುತ್ತದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ವಿಷಯವು ದೂರದೇಶದ್ದೆಂದು ಓದುಗರು ಉಪೇಕ್ಷಿಸಲಾಗದು. ಇದೇ ಪದವಿಯನ್ನು ಈಗ ನಮ್ಮ ವಿಶ್ವವಿದ್ಯಾನಿಲಯಗಳೂ ಕೊಡುತ್ತಿವೆ. ಆಸ್ಪತ್ರೆಯನ್ನು ಆಳುವ ಅಧಿಕಾರ ಯಾರದೆಂಬ ಪ್ರಶ್ನೆಯೂ ಅದರೊಡನೆಯೇ ನಮ್ಮಲ್ಲಿಗೆ ಬಂದಿದೆ.

ಮೊದಲು ಆಸ್ಪತ್ರೆಯೆಂಬ ಸಂಸ್ಥೆಯ ಸ್ವರೂಪವನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಅಮೆರಿಕದ ಆಸ್ಪತ್ರೆಯು ದಿಕ್ಕಿಲ್ಲದ ಬಡವರ ಆಶ್ರಯಸ್ಥಾನವಾಗಿದ್ದಿತು. ಅನುಕೂಲಸ್ಥರು ಕಾಯಿಲೆ ಬಿದ್ದಾಗ ಮನೆಯಲ್ಲೇ ವೈದ್ಯರನ್ನು ಕರೆಸಿಕೊಳ್ಳುತ್ತಿದ್ದರು. 1873ರಲ್ಲಿ ನಡೆದ ಗಣತಿಯಲ್ಲಿ ಇಡೀ ದೇಶಕ್ಕೆ ಕೇವಲ 178 ಆಸ್ಪತ್ರೆಗಳಿದ್ದವು. 1909ರ ಹೊತ್ತಿಗೆ ಆ ಸಂಖ್ಯೆ ನಾಲ್ಕು ಸಾವಿರವನ್ನು ಮೀರಿತು. ಅರಿವಳಿಕೆಯ ಪ್ರಯೋಗ, ಲಿಸ್ಟರನ ಪೂತಿನಿವಾರಕ ವಿಧಾನ, 1895ರಲ್ಲಿ ಕಂಡುಬಂದ ಕ್ಷಕಿರಣ ಇವುಗಳಿಂದ ಶಸ್ತ್ರಚಿಕಿತ್ಸೆಯು ಮನೆಯ ಕೋಣೆಯನ್ನು ಬಿಟ್ಟು ಆಸ್ಪತ್ರೆಯನ್ನು ಸೇರಿದುದೇ ಇದಕ್ಕೆ ಮುಖ್ಯ ಕಾರಣ. ಹಣ ತೆರಬಲ್ಲ ರೋಗಿಗಳು ಬಂದರು. ಅವರ ಹಿಂದೆಯೇ ಲೆಕ್ಕಪತ್ರವೂ ಬಂದಿತು. ಅಡುಗೆಮನೆ, ಬಟ್ಟೆ ಒಗೆಯುವ ಶಾಲೆ, ಉಗಿಯಂತ್ರದ ಕೋಣೆ, ಔಷಧದ ಉಗ್ರಾಣ, ದಾದಿಯರ ವಸತಿಗೃಹ, ಸಂಬಳದ ಪಟ್ಟಿ ಇವನ್ನೆಲ್ಲ ಒಬ್ಬರು ನೋಡಿಕೊಳ್ಳಬೇಕಾಯಿತು. ಈ ಒಬ್ಬರಿಗೆ ಸೂಪರಿಂಟೆಂಡೆಂಟ್ ಎಂದು ಹೆಸರು. ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ವೈದ್ಯರೋ ನಿವೃತ್ತ ವ್ಯಾಪಾರಿಗಳೋ ಪಾದ್ರಿಗಳೋ ಈ ಸ್ಥಾನದಲ್ಲಿದ್ದರು. ಚಿಕ್ಕ ಆಸ್ಪತ್ರೆಗಳಲ್ಲಿ ದಾದಿಯರ ಶಾಲೆಯನ್ನು ನಡೆಸುತ್ತಿದ್ದ ಮುಖ್ಯ ದಾದಿಯೇ ಆಸ್ಪತ್ರೆಯನ್ನೂ ನಡೆಸುವುದು ವಾಡಿಕೆಯಾಗಿದ್ದಿತು.

1893ರಲ್ಲಿ ಷಿಕಾಗೋ ನಗರದಲ್ಲಿ ವಿಶ್ವಪ್ರದರ್ಶನ ನಡೆಯಿತು. ವಿವೇಕಾನಂದರು ಭಾಷಣಮಾಡಿದ ಸರ್ವಧರ್ಮ ಸಮ್ಮೇಳನವು ಈ ಪ್ರದರ್ಶನದ ಅಂಗವಾಗಿತ್ತೆಂಬುದು ನಮ್ಮವರಿಗೆಲ್ಲ ತಿಳಿದಿದೆ. ಅದೇ ಪ್ರದರ್ಶನದ ಅಂಗವಾಗಿ ಆಸ್ಪತ್ರೆ ಮತ್ತು ಶುಶ್ರೂಷೆಗಳನ್ನು ಕುರಿತ ಸಮ್ಮೇಳನವೂ ನಡೆಯಿತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ದಾದಿಯರ ಶಾಲೆಯ ಮುಖ್ಯಸ್ಥೆಯಾಗಿದ್ದ ಇಸಬೆಲ್ ಹ್ಯಾಂಪ್ಟನ್ ಅವರು ಅಲ್ಲಿ ಪ್ರಮುಖರಾಗಿದ್ದರು. ಮುಂದೆ ವಿವಾಹಾನಂತರ ಇವರು ಇಸಬೆಲ್ ಹ್ಯಾಂಪ್ಟನ್ ರಾಬ್ ಎಂದು ಪ್ರಸಿದ್ಧರಾದರು. ದಾದಿಯರ ಶಾಲೆಗಳ ಮೇಲ್ವಿಚಾರಕಿಯರ ಸಂಘವೊಂದು ಆ ಸಮ್ಮೇಳನದಿಂದ ಹುಟ್ಟಿಕೊಂಡಿತು. ಆರು ವರ್ಷಗಳ ತರುವಾಯ, 1899ರಲ್ಲಿ, ಈ ಸಂಘವು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿ 'ಆಸ್ಪತ್ರೆಯ ಅರ್ಥಶಾಸ್ತ್ರ' ಎಂಬ ಹೆಸರಿನ ಶಿಕ್ಷಣಕ್ರಮವೊಂದನ್ನು ಆರಂಭಿಸಿತು. ಅನುಭವಸ್ಥರಾದ ಸದಸ್ಯೆಯರು ತಾವೇ ಹೋಗಿ ಉಪನ್ಯಾಸ ಮಾಡುತ್ತಿದ್ದರು.

ಇಲ್ಲಿ 'ಅರ್ಥಶಾಸ್ತ್ರ'ವೆಂಬ ಮಾತನ್ನು ಈಗಿನ ಅರ್ಥದಲ್ಲಿ ಗ್ರಹಿಸಬಾರದು. ಗ್ರೀಕರಲ್ಲಿ ಈ ಶಾಸ್ತ್ರದ ಹೆಸರಿಗೆ ಮನೆವಾರ್ತೆಯೆಂಬುದೇ ಮೂಲಾರ್ಥ. ಟೀಚರ್ಸ್ ಕಾಲೇಜಿನಲ್ಲಿ ಗೃಹಕೃತ್ಯದ ಕಲೆಗಳನ್ನು ಕಲಿಸುವ ವಿಭಾಗವು ಬಲವಾಗಿದ್ದಿತು. ಆಸ್ಪತ್ರೆಯೂ ಒಂದು ದೊಡ್ಡ ಮನೆ, ಅದನ್ನು ನಡೆಸುವುದು ಗೃಹಕೃತ್ಯದ ವಿಸ್ತಾರ, ಆದ್ದರಿಂದ ಅದು ಸ್ತ್ರೀಯರಿಗೆ ಉಚಿತವಾದ ಕಾರ್ಯ ಎಂಬ ತರ್ಕವು ಈ ಹೆಸರಿನ ಹಿಂದೆ ಇದ್ದಿತು. ಅಂದಿನ ಸಮಾಜದಲ್ಲಿ ಈ ತರ್ಕವು ಸ್ತ್ರೀಯರಿಗೆ ವಿಶ್ವವಿದ್ಯಾನಿಲಯದ ಬಾಗಿಲನ್ನು ತೆರೆಯಿತು. ಅದೇ ತರ್ಕವು ಮುಂದೆ ಅವರಿಗೆ ಅಡ್ಡಿಯಾಯಿತೆಂಬುದನ್ನು ಕೆಳಗೆ ನೋಡಲಿದ್ದೇವೆ. 1907ರಲ್ಲಿ ಜಾನ್ಸ್ ಹಾಪ್ಕಿನ್ಸ್ ಶಾಲೆಯ ಮೊದಲ ತಂಡದ ವಿದ್ಯಾರ್ಥಿನಿಯಾಗಿದ್ದ ಅಡಿಲೇಡ್ ನಟಿಂಗ್ ಅವರನ್ನು ಈ ಕಾಲೇಜು ಪ್ರಾಧ್ಯಾಪಕಿಯನ್ನಾಗಿ ನೇಮಿಸಿತು. ದಾದಿಯೊಬ್ಬರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಠವನ್ನು ಏರಿದುದು ಪ್ರಪಂಚದಲ್ಲಿ ಅದೇ ಮೊದಲು. ಆಕೆಯ ಪೀಠವು ಶುಶ್ರೂಷೆಯ ಹೆಸರಿನಲ್ಲಿ ಸ್ಥಾಪಿತವಾಗದೆ ಸಂಸ್ಥೆಗಳ ನಿರ್ವಹಣೆಯ ಹೆಸರಿನಲ್ಲಿ ಸ್ಥಾಪಿತವಾಯಿತೆಂಬ ಸಂಗತಿಯನ್ನು ನಮ್ಮ ವಾದದ ಮುಖ್ಯ ಆಧಾರಗಳಲ್ಲೊಂದೆಂದು ಪರಿಗಣಿಸುತ್ತೇವೆ. 1910ರಲ್ಲಿ ಶ್ರೀಮಂತ ಮಹಿಳೆಯೊಬ್ಬರ ದತ್ತಿಯಿಂದ 'ಶುಶ್ರೂಷೆ ಮತ್ತು ಆರೋಗ್ಯ' ಎಂಬ ಪ್ರತ್ಯೇಕ ವಿಭಾಗವಾಯಿತು. ಅಲ್ಲಿಂದ ಮುಂದೆ ಆ ವಿಭಾಗದ ಒಲವು ದಾದಿಯರ ಶಾಲೆಗಳಿಗೆ ಶಿಕ್ಷಕಿಯರನ್ನೂ ಸಾರ್ವಜನಿಕ ಆರೋಗ್ಯ ಸೇವೆಗೆ ಕಾರ್ಯಕರ್ತೆಯರನ್ನೂ ಸಿದ್ಧಗೊಳಿಸುವ ಕಡೆಗೆ ಹರಿಯಿತು. ಆಸ್ಪತ್ರೆಯ ಆಡಳಿತದ ಪಾಠವು ಹಿಂದೆ ಸರಿಯಿತು.

1899ರಲ್ಲಿಯೇ ಇನ್ನೊಂದು ಸಂಘವೂ ಜನಿಸಿತು. ಕ್ಲೀವ್‌ಲೆಂಡ್ ನಗರದಲ್ಲಿ ಎಂಟು ಮಂದಿ ಆಸ್ಪತ್ರೆ ಸೂಪರಿಂಟೆಂಡೆಂಟರು ಸೇರಿ ಸ್ಥಾಪಿಸಿದ ಈ ಸಂಘವೇ 1906ರಲ್ಲಿ ಅಮೆರಿಕನ್ ಹಾಸ್ಪಿಟಲ್ ಅಸೋಸಿಯೇಷನ್ ಎಂಬ ಹೆಸರನ್ನು ತಳೆಯಿತು. 1916ರಲ್ಲಿ ಈ ಸಂಘದ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತರಬೇತಿ ಪಡೆದ ದಾದಿಯರೇ ಇದ್ದರು. ಆಸ್ಪತ್ರೆಯ ಆಡಳಿತವೆಂಬುದು ಆಗ ಬಹುಮಟ್ಟಿಗೆ ಸ್ತ್ರೀಯರ ಕೈಯಲ್ಲಿದ್ದ ವೃತ್ತಿಯಾಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಆಡಳಿತವು ಚೆನ್ನಾಗಿ ನಡೆಯುತ್ತಿತ್ತೆಂದು ಹೇಳಬಹುದೆ? ಇದಕ್ಕೆ ಉತ್ತರವನ್ನು ಶಸ್ತ್ರವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ನಡೆಸಿದ ಪರೀಕ್ಷೆಯು ಕೊಟ್ಟಿತು. ಬಾಸ್ಟನ್ ನಗರದ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರವೈದ್ಯರು, ಪ್ರತಿಯೊಬ್ಬ ರೋಗಿಯನ್ನೂ ಚಿಕಿತ್ಸೆಯ ಅನಂತರ ದೀರ್ಘಕಾಲ ಗಮನಿಸಿ ಚಿಕಿತ್ಸೆಯು ಫಲಿಸಿತೆ, ಇಲ್ಲವಾದರೆ ಏಕೆ ಎಂಬುದನ್ನು ಆಸ್ಪತ್ರೆಗಳು ಬರೆದಿಡಬೇಕೆಂದು ವಾದಿಸಿದ್ದರು. ತಮ್ಮ ಸ್ವಂತ ಆಸ್ಪತ್ರೆಯ ತಪ್ಪುಗಳನ್ನು ಅಚ್ಚುಹಾಕಿಸಿ ಹಂಚಿದ ಈ ವಿಲಕ್ಷಣ ವ್ಯಕ್ತಿಯನ್ನು ಸಹೋದ್ಯೋಗಿಗಳು ಬಹಳವಾಗಿ ಪ್ರೀತಿಸಲಿಲ್ಲವೆಂದು ಹೇಳಬೇಕಾದುದಿಲ್ಲ. ಅವರ ವಿಚಾರದಿಂದ ಪ್ರೇರಿತವಾದ ಸಂಘವು ನೂರು ಮತ್ತು ಅದಕ್ಕೆ ಮೇಲ್ಪಟ್ಟ ಹಾಸಿಗೆಗಳಿದ್ದ 692 ಆಸ್ಪತ್ರೆಗಳನ್ನು ಪರೀಕ್ಷಿಸಿತು. ಕನಿಷ್ಠ ಮಟ್ಟವನ್ನು ಮುಟ್ಟಿದುವು 89 ಮಾತ್ರ. ಸೋತ ಆಸ್ಪತ್ರೆಗಳಲ್ಲಿ ದೇಶದ ಅತ್ಯಂತ ಪ್ರಸಿದ್ಧವಾದ ಕೆಲವೂ ಸೇರಿದ್ದವು. 1919ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಸಂಘವು ಸಭೆ ಸೇರಿದಾಗ, ಪಟ್ಟಿಯು ಪತ್ರಿಕೆಗಳ ಕೈಗೆ ಸಿಕ್ಕೀತೆಂಬ ಭಯದಿಂದ ಅದನ್ನು ಹೋಟೆಲಿನ ಕುಲುಮೆಯಲ್ಲಿ ಸುಟ್ಟರು. ಅಂಕಿಗಳು ಉಳಿದುವು, ಹೆಸರುಗಳು ಉಳಿಯಲಿಲ್ಲ.

ಈ ಪರೀಕ್ಷೆಯು ದಾದಿಯರಾದ ಆಡಳಿತಗಾರ್ತಿಯರ ಸೋಲೆಂದು ಭಾವಿಸುವುದು ಅನ್ಯಾಯವಾದೀತು. ಸಂಘವು ನಿಗದಿಮಾಡಿದ ಕನಿಷ್ಠ ಮಟ್ಟದ ನಿಯಮಗಳು ಮುಖ್ಯವಾಗಿ ವೈದ್ಯರ ಸಂಘಟನೆ, ಅವರ ಅರ್ಹತೆ, ರೋಗಿಗಳ ದಾಖಲೆ, ಪ್ರಯೋಗಶಾಲೆ ಇವುಗಳಿಗೆ ಸಂಬಂಧಿಸಿದ್ದವು. ವೈದ್ಯರು ದಾಖಲೆಯನ್ನು ಬರೆಯದಿದ್ದರೆ ಬರೆಯಿಸುವ ಅಧಿಕಾರವು ದಾದಿಗೆ ಎಲ್ಲಿದ್ದಿತು? ಆಸ್ಪತ್ರೆಯ ಅಡುಗೆಮನೆಯಿಂದ ಉಗ್ರಾಣದವರೆಗೆ ಆಕೆಯ ಆಳ್ವಿಕೆ ನಡೆಯುತ್ತಿತ್ತು. ಶಸ್ತ್ರಕ್ರಿಯೆಯ ಕೋಣೆಯ ಹೊಸ್ತಿಲಲ್ಲಿ ಅದು ನಿಲ್ಲುತ್ತಿತ್ತು. ಆಸ್ಪತ್ರೆಯು ದೊಡ್ಡ ಮನೆಯೆಂಬ ತರ್ಕದ ಕೊರತೆಯು ಇಲ್ಲಿ ಕಾಣುತ್ತದೆ. ಮನೆಯ ಯಜಮಾನ್ತಿಗೆ ವೈದ್ಯರನ್ನು ಪ್ರಶ್ನಿಸುವ ಹಕ್ಕನ್ನು ಆ ತರ್ಕವು ಕೊಡಲಿಲ್ಲ.

ಆಡಳಿತಗಾರರಿಗೆ ವಿಶ್ವವಿದ್ಯಾನಿಲಯದ ಶಿಕ್ಷಣ ಬೇಕೆಂಬ ಅಭಿಪ್ರಾಯವು ಈ ನಡುವೆ ಬಲಗೊಂಡಿತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ನಡೆದ ಸಮಿತಿಯೊಂದು 1922ರಲ್ಲಿ ಇದನ್ನು ಸಮರ್ಥಿಸಿ ವರದಿಯನ್ನು ಪ್ರಕಟಿಸಿತು. ಕೆಥೊಲಿಕ್ ಆಸ್ಪತ್ರೆಗಳ ಸಂಘದ ಮುಖ್ಯಸ್ಥರಾಗಿದ್ದ ಜೆಸುಯಿಟ್ ಪಾದ್ರಿ ಚಾರ್ಲ್ಸ್ ಮೂಲಿನಿಯರ್ ಅವರ ಪ್ರಯತ್ನದಿಂದ ಮಿಲ್ವಾಕೀ ನಗರದ ಮಾರ್ಕೆಟ್ ವಿಶ್ವವಿದ್ಯಾನಿಲಯವು ಪದವಿ ಶಿಕ್ಷಣವನ್ನೇ ಆರಂಭಿಸಿತು. 1927ರಲ್ಲಿ ಇಬ್ಬರು ವಿದ್ಯಾರ್ಥಿಗಳು ಪದವಿಯನ್ನು ಪಡೆದರು. 1928ರ ಹೊತ್ತಿಗೆ ವಿದ್ಯಾರ್ಥಿಗಳಿಲ್ಲದೆ ಶಿಕ್ಷಣವು ನಿಂತುಹೋಯಿತು. ಪದವಿಯನ್ನು ಪಡೆದವರಿಗೆ ವಿಶೇಷ ಸ್ಥಾನ ಕೊಡುವ ಆಸ್ಪತ್ರೆಗಳಿಲ್ಲದ ಕಾಲದಲ್ಲಿ ಪದವಿಗಾಗಿ ಎರಡು ವರ್ಷ ಕಳೆಯುವವರು ಯಾರು?

ಆ ಅವಶ್ಯಕತೆಯನ್ನು ಉಂಟುಮಾಡಿದುದು ಹಣದ ಮುಗ್ಗಟ್ಟು. 1929ರ ಕುಸಿತದ ಬಳಿಕ ಒಂದೇ ವರ್ಷದಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಪ್ರತಿ ರೋಗಿಯಿಂದ ಬರುತ್ತಿದ್ದ ಸರಾಸರಿ ವರಮಾನವು 236 ಡಾಲರುಗಳಿಂದ 59 ಡಾಲರುಗಳಿಗೆ ಇಳಿಯಿತು. ಧರ್ಮಾರ್ಥ ವಾರ್ಡುಗಳು ತುಂಬಿ, ಹಣ ಕೊಡುವವರ ಕೋಣೆಗಳು ಖಾಲಿಬಿದ್ದವು. ಈ ಕಷ್ಟದಲ್ಲಿ ಪರಿಹಾರದ ಒಂದು ದಾರಿಯನ್ನು ತೋರಿದವರು ವೈದ್ಯರೂ ಅಲ್ಲ, ದಾದಿಯೂ ಅಲ್ಲ. ಟೆಕ್ಸಾಸ್ ಪ್ರಾಂತದ ಡಲ್ಲಾಸ್ ನಗರದಲ್ಲಿ ಹಿಂದೆ ಶಾಲೆಗಳ ಮೇಲ್ವಿಚಾರಕರಾಗಿದ್ದು ಬೇಲರ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯ ಹೊಣೆಯನ್ನು ವಹಿಸಿಕೊಂಡಿದ್ದ ಜಸ್ಟಿನ್ ಫೋರ್ಡ್ ಕಿಂಬಾಲ್ ಎಂಬವರು. ಆಸ್ಪತ್ರೆಯ ಬಾಕಿಪಟ್ಟಿಯಲ್ಲಿ ತಮಗೆ ಪರಿಚಿತರಾದ ಉಪಾಧ್ಯಾಯರ ಹೆಸರುಗಳು ಹೆಚ್ಚಾಗಿರುವುದನ್ನು ಅವರು ಕಂಡರು. ತಿಂಗಳಿಗೆ 50 ಸೆಂಟುಗಳನ್ನು ಮುಂಗಡವಾಗಿ ಕೊಡುವ ಉಪಾಧ್ಯಾಯರಿಗೆ ವರ್ಷದಲ್ಲಿ 21 ದಿನಗಳವರೆಗೆ ಆಸ್ಪತ್ರೆಯ ವಾಸವನ್ನು ಒದಗಿಸುವ ಯೋಜನೆಯನ್ನು 1929ರಲ್ಲಿ ರೂಪಿಸಿದರು. ಸುಮಾರು 1,500 ಉಪಾಧ್ಯಾಯರನ್ನೊಳಗೊಂಡು ಆರಂಭವಾದ ಈ ಯೋಜನೆಯಿಂದಲೇ ಮುಂದೆ ಬ್ಲೂ ಕ್ರಾಸ್ ಎಂಬ ಆಸ್ಪತ್ರೆ ವಿಮೆಯ ಪದ್ಧತಿಯು ದೇಶವ್ಯಾಪಿಯಾಗಿ ಬೆಳೆಯಿತು. ವಂತಿಗೆಯ ಪ್ರಮಾಣ, ಕಾಯಿಲೆ ಬೀಳುವವರ ಸರಾಸರಿ, ಹಾಸಿಗೆಯೊಂದಕ್ಕೆ ತಗಲುವ ದಿನದ ವೆಚ್ಚ ಇವನ್ನು ಲೆಕ್ಕಹಾಕಬಲ್ಲವರು ಆಸ್ಪತ್ರೆಗೆ ಬೇಕೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಮೈಕೇಲ್ ಡೇವಿಸರು ಕಾರ್ಯರಂಗಕ್ಕಿಳಿದುದು ಈ ಸನ್ನಿವೇಶದಲ್ಲಿ. ಇವರು ವೈದ್ಯರಲ್ಲ, ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟನ್ನು ಪಡೆದವರು. 1910ರಿಂದ ಹತ್ತು ವರ್ಷಕಾಲ ಬಾಸ್ಟನ್ನಿನ ಹಳೆಯ ಧರ್ಮಾರ್ಥ ಚಿಕಿತ್ಸಾಲಯವೊಂದನ್ನು ನಡೆಸಿ, ಬಡರೋಗಿಯು ವೈದ್ಯರ ಮುಂದೆ ಬರುವ ಮುನ್ನವೂ ಅನಂತರವೂ ಏನಾಗುತ್ತಾನೆಂಬುದನ್ನು ಹತ್ತಿರದಿಂದ ಕಂಡಿದ್ದರು. 1929ರಲ್ಲಿ ಅವರು ಆಸ್ಪತ್ರೆಯ ಆಡಳಿತವನ್ನು ಜೀವನವೃತ್ತಿಯೆಂದು ಪ್ರತಿಪಾದಿಸುವ ಗ್ರಂಥವನ್ನು ಬರೆದು, ಎರಡು ವರ್ಷಗಳ ಸ್ನಾತಕೋತ್ತರ ಪದವಿಯ ಪಠ್ಯಕ್ರಮವನ್ನೂ ಅದರಲ್ಲಿ ಸೂಚಿಸಿದರು. ವೈದ್ಯೋಪಚಾರದ ವೆಚ್ಚವನ್ನು ಕುರಿತ ರಾಷ್ಟ್ರೀಯ ಸಮಿತಿಯಲ್ಲಿಯೂ ಅವರು ದುಡಿದರು. 1927ರಿಂದ ಕೆಲಸಮಾಡಿದ ಆ ಸಮಿತಿಯ ಕೊನೆಯ ವರದಿಯು 1932ರಲ್ಲಿ ಹೊರಬಂದಾಗ, ವೈದ್ಯರು ಗುಂಪಾಗಿ ಸೇರಿ ಚಿಕಿತ್ಸೆ ನಡೆಸಬೇಕೆಂಬ ಸಲಹೆಯನ್ನು ವೈದ್ಯಸಂಘದ ಪತ್ರಿಕೆಯು ಕಟುವಾಗಿ ಖಂಡಿಸಿತು. ಜೂಲಿಯಸ್ ರೋಸೆನ್ವಾಲ್ಡ್ ನಿಧಿಯ ವೈದ್ಯಸೇವಾ ವಿಭಾಗದ ನಿರ್ದೇಶಕರಾಗಿದ್ದ ಡೇವಿಸರು ಆ ನಿಧಿಯ ಬೆಂಬಲದೊಡನೆ ಎರಡು ವರ್ಷಗಳಲ್ಲಿ ತಮ್ಮ ಪದವಿಯನ್ನು ಷಿಕಾಗೋದಲ್ಲಿ ಆರಂಭಿಸಿದಾಗ, ಅದನ್ನು ವೈದ್ಯಶಾಲೆಯಲ್ಲಿ ಇರಿಸದೆ ಉದ್ಯಮಾಡಳಿತದ ಶಾಲೆಯಲ್ಲಿ ಇರಿಸಿದರು. ಈ ಎರಡು ಸಂಗತಿಗಳಿಗೂ ಸಂಬಂಧವಿದ್ದಿರಬೇಕೆಂಬುದು ನಮ್ಮ ಊಹೆ.

ಹೀಗೆ ಆಸ್ಪತ್ರೆಯು ಮನೆಯ ಹೋಲಿಕೆಯನ್ನು ಬಿಟ್ಟು ಉದ್ಯಮದ ಹೋಲಿಕೆಯನ್ನು ಪಡೆಯಿತು. ಒಂದು ವರ್ಷ ತರಗತಿಯ ಪಾಠ. ಇನ್ನೊಂದು ವರ್ಷ ನುರಿತ ಆಡಳಿತಗಾರರ ಕೈಕೆಳಗೆ ಆಸ್ಪತ್ರೆಯಲ್ಲಿಯೇ ಇದ್ದು ಕಲಿಯುವ ಅಭ್ಯಾಸ. ಎರಡನೆಯ ವರ್ಷದ ಕ್ರಮವು ವೈದ್ಯರ ತರಬೇತಿಯನ್ನು ಹೋಲುವುದೆಂಬುದು ಮೇಲುನೋಟಕ್ಕೇ ಕಾಣುತ್ತದೆ. ದಾದಿಯರ ಶಾಲೆಯ ಕ್ರಮವನ್ನೂ ಅದು ಹೋಲುವುದೆಂಬುದನ್ನು ಚರಿತ್ರಕಾರರು ಹೇಳುವುದಿಲ್ಲ. ಡೇವಿಸರ ಬಳಿಕ ಶಿಕ್ಷಣಕ್ರಮದ ಹೊಣೆಯನ್ನು ವಹಿಸಿ ಬಹುಕಾಲ ಅದನ್ನು ಬೆಳೆಸಿದವರು ಆರ್ಥರ್ ಬಾಕ್‌ಮೆಯರ್. ಇವರು ವೈದ್ಯರು, ಹಿಂದೆ ಸಿನ್ಸಿನಾಟಿಯ ದೊಡ್ಡ ಆಸ್ಪತ್ರೆಯೊಂದನ್ನು ನಡೆಸಿದವರು. ವೈದ್ಯರ ಹಿಡಿತದಿಂದ ಹೊರಗೆ ಹುಟ್ಟಿದ ಪದವಿಯು ವೈದ್ಯರೊಬ್ಬರ ಪೋಷಣೆಯಲ್ಲಿ ಬೆಳೆದುದು ಸ್ವಾರಸ್ಯವಾಗಿದೆ. ಒಂಬತ್ತು ವರ್ಷಗಳವರೆಗೆ ಷಿಕಾಗೋವಿಗೆ ಜೊತೆಗಾರರಿರಲಿಲ್ಲ. 1943ರಲ್ಲಿ ಅದೇ ನಗರದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಮಾಲ್ಕಂ ಮೆಕೆಕರ್ನ್ ಎರಡನೆಯದನ್ನು ಸ್ಥಾಪಿಸಿದರು. ಶಸ್ತ್ರವೈದ್ಯರ ಸಂಘವು ನಡೆಸುತ್ತಿದ್ದ ಆಸ್ಪತ್ರೆಗಳ ಮಟ್ಟ ನಿರ್ಧಾರದ ಕೆಲಸವನ್ನು 1923ರಿಂದ ನಿರ್ವಹಿಸಿದವರೂ, 1935ರಲ್ಲಿ ಆಸ್ಪತ್ರೆಗಳ ಸಂಘಟನೆಯನ್ನು ಕುರಿತ ಬೃಹದ್ಗ್ರಂಥವನ್ನು ರಚಿಸಿದವರೂ ಇವರೇ. ಹೋಟೆಲಿನ ಕುಲುಮೆಯಲ್ಲಿ ಸುಟ್ಟ ಪಟ್ಟಿಯ ಪಾಠವು ಹೀಗೆ ಸುತ್ತುಬಳಸಿ ತರಗತಿಯನ್ನು ಸೇರಿತು.

ಈಗ ಆದಿಯಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ವಿಷಯವನ್ನು ವಿಶ್ವವಿದ್ಯಾನಿಲಯದೊಳಗೆ ತಂದ ಗೌರವವು 1899ರ ದಾದಿಯರಿಗೆ ಸಲ್ಲಬೇಕು. ಪದವಿಯ ಹೆಸರನ್ನು ಮೊದಲು ಕೊಟ್ಟುದು ಮಾರ್ಕೆಟ್. ಷಿಕಾಗೋ ಮಾಡಿದುದು ಬೇರೊಂದು ಕಾರ್ಯ. ಅದಕ್ಕೆ ಹಿಂದೆ ಆಡಳಿತವು ಇನ್ನೊಂದು ವೃತ್ತಿಯ ಮೇಲೆ ಕಟ್ಟಿದ ಮಾಳಿಗೆಯಾಗಿದ್ದಿತು. ದಾದಿಯೋ ವೈದ್ಯರೋ ಆಗಿ ಹಲವು ವರ್ಷ ದುಡಿದು ಅಲ್ಲಿಗೆ ಏರಬೇಕಾಗಿತ್ತು. ರೋಗಿಯನ್ನು ಎಂದೂ ಮುಟ್ಟದ ತರುಣನೂ ಇಪ್ಪತ್ತೈದನೆಯ ವಯಸ್ಸಿನಲ್ಲಿ ಆಡಳಿತಗಾರನಾಗಿಯೇ ಜೀವನವನ್ನು ಆರಂಭಿಸಬಹುದೆಂಬ ಮಾರ್ಗವನ್ನು ಷಿಕಾಗೋ ತೆರೆಯಿತು. ಇದನ್ನು 'ಮೊದಲು' ಎಂದು ಕರೆಯಲು ನಮ್ಮ ಆಕ್ಷೇಪವಿಲ್ಲ. ಆದರೆ ಈ 'ಮೊದಲು' ಎಂಬ ಮಾತು ಅದಕ್ಕೆ ಹಿಂದಿನದನ್ನು ಅಳಿಸಿತೆಂಬುದನ್ನೂ ಹೇಳಬೇಕು.

ಅಳಿಸಿದುದು ಗ್ರಂಥಗಳಲ್ಲಿ ಮಾತ್ರವಲ್ಲ. ಎರಡನೆಯ ಮಹಾಯುದ್ಧದ ತರುವಾಯ, ಯೋಧರ ವಿದ್ಯಾಭ್ಯಾಸಕ್ಕೆ ಸರ್ಕಾರವು ಹಣ ಕೊಡುವ 1944ರ ಶಾಸನದಿಂದ ಪುರುಷ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯಗಳಿಗೆ ಹರಿದುಬಂದರು. 1946ರ ಹಿಲ್-ಬರ್ಟನ್ ಶಾಸನವು ಸಾವಿರ ಜನರಿಗೆ 4.5 ಹಾಸಿಗೆಗಳಾಗಬೇಕೆಂಬ ಗುರಿಯಿಟ್ಟು ಆಸ್ಪತ್ರೆಗಳನ್ನು ಕಟ್ಟಲು ಕೇಂದ್ರ ಸರ್ಕಾರದ ಧನವನ್ನು ಒದಗಿಸಿತು. ಹೊಸ ಕಟ್ಟಡಗಳಿಗೆ ಹೊಸ ಆಡಳಿತಗಾರರು ಬೇಕಾದರು. ಕೊಲಂಬಿಯಾ 1945ರಲ್ಲಿ, ಮಿನಿಸೋಟಾ 1946ರಲ್ಲಿ, ಕೆನಡಾದ ಟೊರಾಂಟೊ 1947ರಲ್ಲಿ ಪದವಿಯನ್ನು ಆರಂಭಿಸಿದವು. ಇಂಥ ಹಲವು ಪ್ರಯತ್ನಗಳಿಗೆ ಕೆಲಾಗ್ ಪ್ರತಿಷ್ಠಾನವು ಧನಸಹಾಯ ಮಾಡಿತು. 1948ರಲ್ಲಿ ಈ ವಿಭಾಗಗಳು ತಮ್ಮದೇ ಸಂಘವನ್ನು ಕಟ್ಟಿಕೊಂಡವು. ತರಗತಿಗಳಲ್ಲಿ ಬಹುಪಾಲು ಪುರುಷರೇ ಕುಳಿತರು. ಕೆಥೊಲಿಕ್ ಸಂನ್ಯಾಸಿನಿಯರು ತಮ್ಮ ಪಂಥದ ಆಸ್ಪತ್ರೆಗಳಲ್ಲಿ ಇನ್ನೂ ಕೆಲಕಾಲ ಅಧಿಕಾರವನ್ನು ಉಳಿಸಿಕೊಂಡರು. ಮಿಕ್ಕೆಡೆಗಳಲ್ಲಿ ದಾದಿಯರು ತಾವು ಆಳಿದ್ದ ಮನೆಯಲ್ಲಿ ಅಧೀನರಾದರು. ಒಂದು ಕೆಲಸಕ್ಕೆ ಪದವಿಯನ್ನು ಕಡ್ಡಾಯಗೊಳಿಸುವಾಗ, ಆ ಕೆಲಸವನ್ನು ಅದುವರೆಗೆ ಮಾಡುತ್ತಿದ್ದವರಿಗೆ ಪದವಿಯ ದಾರಿ ತೆರೆದಿದೆಯೇ ಎಂದು ಕೇಳಬೇಕಾಗಿದ್ದಿತು. 1940ರ ದಶಕದಲ್ಲಿ ಅದನ್ನು ಕೇಳಿದವರು ವಿರಳ. ಪದವಿಪೂರ್ವ ಶಿಕ್ಷಣವನ್ನು ಆಸ್ಪತ್ರೆಗಳಿಗೆ ಅಂಟಿಕೊಂಡ ಶಾಲೆಗಳಲ್ಲಿ ಮುಗಿಸಿ ಕಾಲೇಜಿನ ಪದವಿಯಿಲ್ಲದೆ ಹೊರಬರುತ್ತಿದ್ದ ದಾದಿಯರಿಗೆ ಸ್ನಾತಕೋತ್ತರ ತರಗತಿಯ ಬಾಗಿಲು ನಿಯಮದಿಂದಲೇ ಮುಚ್ಚಿದ್ದಿತು.

ಏನನ್ನು ಕಲಿಸಬೇಕೆಂಬ ಚರ್ಚೆಯು ಈ ವಿಸ್ತಾರದ ನಡುವೆಯೂ ಮುಗಿಯಲಿಲ್ಲ. 1954ರಲ್ಲಿ ಪ್ರಕಟವಾದ ವಿಚಾರಣಾ ಆಯೋಗದ ವರದಿಯು ಈ ಶಿಕ್ಷಣದ ಸ್ಥಿತಿಯನ್ನು ಸಮಗ್ರವಾಗಿ ಪರಿಶೀಲಿಸಿತು. 1955ರಲ್ಲಿ ಸ್ಥಾಪಿತವಾದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸ್ಲೋನ್ ಸಂಸ್ಥೆಯು ಎರಡು ವರ್ಷಗಳನ್ನೂ ತರಗತಿಗೇ ಮೀಸಲಿಟ್ಟಿತು. ಬರಬರುತ್ತ ಇತರರೂ ಅದನ್ನೇ ಅನುಸರಿಸಿದರು. ಆಸ್ಪತ್ರೆಯಲ್ಲಿ ಕಳೆಯುತ್ತಿದ್ದ ವರ್ಷವು ಹೀಗೆ ಕುಗ್ಗಿತು. ಇದನ್ನು ಪ್ರಗತಿಯೆಂದು ಒಪ್ಪಲು ನಮಗೆ ಸಂಕೋಚವಾಗುತ್ತದೆ. ಲೆಕ್ಕಶಾಸ್ತ್ರವನ್ನು ಎಲ್ಲಿಯಾದರೂ ಕಲಿಯಬಹುದು. ರಾತ್ರಿ ಎರಡು ಗಂಟೆಗೆ ಹಾಸಿಗೆಗಳು ತುಂಬಿರುವಾಗ ಬಾಗಿಲಿಗೆ ಬಂದ ರೋಗಿಯನ್ನು ಏನು ಮಾಡಬೇಕೆಂಬುದನ್ನು ಬಾಗಿಲಲ್ಲಿಯೇ ಕಲಿಯಬೇಕು. 1965ರಲ್ಲಿ ಮೆಡಿಕೇರ್ ಶಾಸನವಾಗಿ ವೃದ್ಧರ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವು ವಹಿಸಿಕೊಂಡ ಮೇಲೆ ಪದವಿಯ ಹೆಸರಿನಲ್ಲಿ 'ಆಸ್ಪತ್ರೆ'ಯ ಸ್ಥಾನದಲ್ಲಿ 'ಆರೋಗ್ಯ' ಎಂಬ ಮಾತು ಸೇರತೊಡಗಿತು. 1933ರಲ್ಲಿ ಸ್ಥಾಪಿತವಾಗಿದ್ದ ಆಡಳಿತಗಾರರ ಕಾಲೇಜು ಕೂಡ 1985ರಲ್ಲಿ ತನ್ನ ಹೆಸರಿನಿಂದ ಆಸ್ಪತ್ರೆಯನ್ನು ಕೈಬಿಟ್ಟಿತು.

ಭಾರತದಲ್ಲಿ ಈ ಶಿಕ್ಷಣವು 1960ರ ದಶಕದಲ್ಲಿ ಬೇರೂರಿತು. ಆರೋಗ್ಯ ಆಡಳಿತಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೊಂದು 1964ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾಗಿ, 1977ರಲ್ಲಿ ಕುಟುಂಬ ಯೋಜನೆಯ ಸಂಸ್ಥೆಯೊಡನೆ ವಿಲೀನವಾಯಿತು. ಅದೇ ನಗರದ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿಯನ್ನು ಆರಂಭಿಸಿತು. ಆದರೆ ಇಲ್ಲಿ ಷಿಕಾಗೋವಿನ ಮಾರ್ಗಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಲಾಯಿತು. ಈ ಸಂಸ್ಥೆಯಲ್ಲಿ ಪದವಿಯು ವೈದ್ಯರಿಗೆ ಮಾತ್ರ ಮೀಸಲಾಗಿ, ಕಾಲಕ್ರಮದಲ್ಲಿ ಶಸ್ತ್ರಚಿಕಿತ್ಸೆ, ಔಷಧಶಾಸ್ತ್ರಗಳಂತೆ ವೈದ್ಯಶಾಸ್ತ್ರದ ಒಂದು ಎಂ.ಡಿ. ಶಾಖೆಯೇ ಆಯಿತು. ಇನ್ನೊಂದೆಡೆ ವೈದ್ಯರಲ್ಲದವರಿಗೂ ತೆರೆದ ಪದವಿಗಳು ವಿವಿಧ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದವು. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವೂ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿಯನ್ನು ಕೊಡುತ್ತದೆ. ಒಂದೇ ಕೆಲಸಕ್ಕೆ ಎರಡು ಪದವಿಗಳು, ಎರಡು ವಂಶಗಳು. ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧೀಕ್ಷಕರ ಕುರ್ಚಿಯು ವೈದ್ಯರದೇ. ಖಾಸಗಿ ಆಸ್ಪತ್ರೆಯಲ್ಲಿ ಎರಡನೆಯ ವಂಶದವರು ಅಧಿಕವಾಗಿ ಕಾಣುತ್ತಾರೆ. ಮುಖ್ಯ ದಾದಿಯು ಎರಡು ಕಡೆಯೂ ತನ್ನ ವಾರ್ಡುಗಳ ಹೊಣೆಯನ್ನು ಹೊತ್ತು, ಆ ಕುರ್ಚಿಗೆ ಒಂದು ಮೆಟ್ಟಿಲು ಕೆಳಗೆಯೇ ಇದ್ದಾಳೆ.